ಸಾಂಕ್ರಾಮಿಕ ರೋಗ ಹರಡಿದಾಗ ಗರ್ಭಿಣಿಯರಲ್ಲಿ ಆತಂಕ ಹೆಚ್ಚುವುದೇಕೆ?

ಕೋವಿಡ್ ಕಾಲದಲ್ಲಿ ಗರ್ಭಿಣಿಯರು ಪಟ್ಟ ಭಯ ಅತಿಯಾಗಿತ್ತೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಅದು ಸಕಾರಣವಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಸೋಂಕಿನ ಹೆದರಿಕೆ ಅದರ ಒಂದು ಭಾಗವಷ್ಟೇ. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಗಿ ಬಸ್ಸು, ರೈಲುಗಳು ನಿಂತಾಗ ಅನೇಕರಿಗೆ ತಿಂಗಳ ತಪಾಸಣೆ ಮತ್ತು ಸ್ಕ್ಯಾನಿಂಗ್ ತಪ್ಪಿದವು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿಯಿರುವ ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ತಾಯಿಯ ಆಸರೆಯಿಲ್ಲದೆ ದಿನ ಎಣಿಸಬೇಕಾಯಿತು. ಹೆರಿಗೆಯ ಹೊತ್ತಿನಲ್ಲಿ ಜೊತೆಗೆ ಯಾರನ್ನೂ ಬಿಡುವುದಿಲ್ಲವೆಂಬ ಆಸ್ಪತ್ರೆಗಳ ನಿಯಮ, ಸೋಂಕು ತಗುಲಿದರೆ ಮಗುವನ್ನು ಬೇರೆ ಇಡುತ್ತಾರೆಂಬ ಮಾತು ಇವೂ ಸೇರಿಕೊಂಡವು. ಸೋಂಕಿತ ತಾಯಿಯೂ ಮಾಸ್ಕ್ ಧರಿಸಿ, ಕೈ ತೊಳೆದು ಹಾಲೂಡಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಆದರೆ ಮನೆಮನೆಗೆ ಮೊದಲು ತಲುಪುತ್ತಿದ್ದುದು ವಾಟ್ಸ್‌ಆ್ಯಪ್‌ನ ವದಂತಿ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅನಿಶ್ಚಿತತೆ. 2021ರ ಜನವರಿ 16ರಂದು ಲಸಿಕೆ ಅಭಿಯಾನ ಶುರುವಾದಾಗ, ಲಸಿಕೆಯ ಆರಂಭಿಕ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿರಲಿಲ್ಲವಾದ್ದರಿಂದ, ಅವರನ್ನು ಹೊರಗಿಡಲಾಗಿತ್ತು. ಕೇಂದ್ರ ಆರೋಗ್ಯ ಸಚಿವಾಲಯ ಅವರಿಗೆ ಅನುಮತಿ ನೀಡಿದ್ದು ಜುಲೈ 2ರಂದು, ಅಂದರೆ ಎರಡನೇ ಅಲೆಯ ಉತ್ತುಂಗ ದಾಟಿದ ಮೇಲೆ.

ಅಂಥ ಹೊತ್ತಿನಲ್ಲಿ ‘ಹೆದರಬೇಡ’ ಎಂಬ ಬುದ್ಧಿಮಾತಿಗಿಂತ, ಯಾವ ದಿನ ಎಲ್ಲಿ ತಪಾಸಣೆ, ರಾತ್ರಿ ನೋವು ಬಂದರೆ ವಾಹನ ಯಾವುದು ಎಂದು ಆಶಾ ಕಾರ್ಯಕರ್ತೆ ಸ್ಪಷ್ಟವಾಗಿ ಹೇಳುವುದೇ ಹೆಚ್ಚು ಸಮಾಧಾನ ಕೊಡುತ್ತದೆ. ನಿದ್ರೆಯಿಲ್ಲದಿರುವುದು, ಊಟ ಸೇರದಿರುವುದು, ಎದೆ ಜೋರಾಗಿ ಬಡಿದುಕೊಳ್ಳುವುದು ಎರಡು ವಾರ ಮೀರಿ ಮುಂದುವರಿದರೆ ವೈದ್ಯರಿಗೆ ತಿಳಿಸಬೇಕು. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ 14416 ಕನ್ನಡದಲ್ಲಿಯೂ ಉಚಿತವಾಗಿ ಲಭ್ಯವಿದೆ.