ಅಜ್ಜನ ಮಾತು, ಪಲ್ಪರ್ ಸದ್ದು

ಪ್ರಶ್ನೆ: ಕಾಫಿ ಕೊಯ್ಲಿನ ಟೈಮಲ್ಲಿ ಅಜ್ಜ ತೋಟದ ಹಳೇ ಕತೆ ಹೇಳುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದೆ. ಹಿಂದೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್) ಓಡುತ್ತಿತ್ತು, ಜೊತೆಗೆ ಜೀರುಂಡೆ. ವಿಡಿಯೋ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನಲ್ಲಿ ‘ವಾಯ್ಸ್ ಐಸೋಲೇಷನ್’ ಹಾಕಿದರೆ ಮಾತು ಮಾತ್ರ ಉಳಿಯುತ್ತದಂತೆ. ನಾನು ಉಚಿತ ಆವೃತ್ತಿ ಬಳಸುತ್ತೇನೆ, ಕೆಲಸ ಮಾಡುತ್ತಿಲ್ಲ. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ಮೊದಲು ಮೂಲ ಫೈಲನ್ನು ಇನ್ನೊಂದು ಕಡೆ ಕಾಪಿ ಮಾಡಿಡಿ. ಅಜ್ಜನ ದನಿ ಅದು, ಇವತ್ತು ಹೋಗದ ಸದ್ದನ್ನು ಮುಂದೆ ಬರುವ ಸಾಫ್ಟ್‌ವೇರ್ ತೆಗೆದರೂ ತೆಗೆದೀತು.

ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ವಾಯ್ಸ್ ಐಸೋಲೇಷನ್ 2022ರಲ್ಲಿ ರಿಸಾಲ್ವ್ 18.1ರ ಜೊತೆ ಬಂತು, ಆದರೆ ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಗೆ ಮಾತ್ರ. ಇದೊಂದಕ್ಕೋಸ್ಕರ ಅದನ್ನು ಕೊಳ್ಳಬೇಡಿ. ಪಲ್ಪರ್ ಸದ್ದು ಒಂದೇ ಸಮ ಇರುತ್ತದೆ ಅಲ್ವಾ, ಅಂಥದ್ದಕ್ಕೆ ಉಚಿತವಾಗಿ ಸಿಗುವ ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರ್ ಸಾಕು.

ವಿಡಿಯೋದ ಆಡಿಯೋವನ್ನು ವೇವ್ ಫೈಲಾಗಿ ತೆಗೆದು ಆಡಾಸಿಟಿಯಲ್ಲಿ ತೆರೆಯಿರಿ. ಅಜ್ಜ ಮಾತು ನಿಲ್ಲಿಸಿ, ಬರೀ ಮೆಷಿನ್ ಕೇಳುವ ಒಂದೆರಡು ಸೆಕೆಂಡು ಎಲ್ಲಾದರೂ ಇದ್ದೇ ಇರುತ್ತದೆ, ಅಷ್ಟನ್ನೇ ಸೆಲೆಕ್ಟ್ ಮಾಡಿ ‘ನಾಯ್ಸ್ ರಿಡಕ್ಷನ್’ನಲ್ಲಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ. ಆಮೇಲೆ ಪೂರ್ತಿ ಆಡಿಯೋ ಸೆಲೆಕ್ಟ್ ಮಾಡಿ ಅದೇ ಎಫೆಕ್ಟ್ ಹಾಕಿ. ಸದ್ದನ್ನು ಎಷ್ಟು ಡೆಸಿಬಲ್ ಇಳಿಸಬೇಕು ಅಂತ ಅಲ್ಲಿ ಇರುತ್ತದೆ, ನೀವು 6ರಿಂದ ಶುರು ಮಾಡಿ. ಓಕೆ ಒತ್ತುವ ಮೊದಲು ‘ರೆಸಿಡ್ಯೂ’ ಆರಿಸಿ ಪ್ರಿವ್ಯೂ ಕೇಳಿ: ಅದು ಕೇಳಿಸುವುದು ನೀವು ತೆಗೆದು ಬಿಸಾಡುತ್ತಿರುವ ಸದ್ದನ್ನು. ಅದರಲ್ಲಿ ಅಜ್ಜನ ಮಾತು ಕೇಳಿದರೆ ಜಾಸ್ತಿ ಆಯಿತು, ಕಮ್ಮಿ ಮಾಡಿ. ಆಮೇಲೆ ‘ರಿಡ್ಯೂಸ್’ಗೆ ವಾಪಸ್ ಬಂದು ಓಕೆ ಒತ್ತಿ. ಬಹಳ ಜನ ಇದನ್ನು ನೋಡುವುದೇ ಇಲ್ಲ, ಸುಮ್ನೆ ಪೂರ್ತಿ ಏರಿಸಿ, ಕೊನೆಗೆ ಮನುಷ್ಯರ ದನಿ ನೀರೊಳಗಿಂದ ಬಂದ ಹಾಗೆ ಮಾಡಿಬಿಡುತ್ತಾರೆ. ಅಡಿಯಲ್ಲಿ ಉಳಿಯುವ ಗುಡುಗುಡು ಸದ್ದಿಗೆ 80 ಹರ್ಟ್ಸ್‌ಗೆ ಹೈ ಪಾಸ್ ಫಿಲ್ಟರ್ ಹಾಕಿ, ಅದು ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುತ್ತದೆ, ಗಂಡಸರ ಮಾತು ಹೆಚ್ಚುಕಮ್ಮಿ ಅದರ ಮೇಲೇ ಇರುತ್ತದೆ.

ಜೀರುಂಡೆ ಬೇರೆ ಕತೆ. ಅದರ ಸದ್ದು ಇರುವುದು ಬಹಳ ಮೇಲೆ, ನಮ್ಮ ಸ, ಶ ಇರುವ ಕಡೆಯೇ. ಅದನ್ನು ಪೂರ್ತಿ ಒರೆಸಿದರೆ ಇವೂ ಮಂಕಾಗುತ್ತವೆ. ಸ್ವಲ್ಪ ಇರಲಿ ಬಿಡಿ. ಮಲೆನಾಡಿನ ಸಂಜೆ ಅದು, ಸ್ಟುಡಿಯೋದಲ್ಲಿ ಕೂತು ಹೇಳಿದ ಕತೆಯಲ್ಲವಲ್ಲ.

ಪ್ರಶ್ನೆ: ಮದುವೆ ವಿಡಿಯೋದಲ್ಲಿ ಅಪ್ಪನ ಮಾತಿನ ಮೇಲೆ ವಾಲಗ ಬಿದ್ದಿದೆ. ಆಡಾಸಿಟಿಯಲ್ಲಿ ಹೋಗುತ್ತದಾ?
– ಓದುಗರು, ಹಾಸನ

ಉತ್ತರ: ಹೋಗಲ್ಲ. ವಾಲಗದ ಸ್ವರ ಕ್ಷಣಕ್ಕೊಂದು ಥರ ಬದಲಾಗುತ್ತದೆ, ಒಂದು ತುಣುಕು ತೋರಿಸಿ ಇದನ್ನು ತೆಗೆ ಅನ್ನಲು ಬರುವುದಿಲ್ಲ. ‘ಅಲ್ಟಿಮೇಟ್ ವೋಕಲ್ ರಿಮೂವರ್’ ಉಚಿತವಾಗಿ ಸಿಗುತ್ತದೆ. ಹಾಡಿನಿಂದ ದನಿಯನ್ನೂ ವಾದ್ಯವನ್ನೂ ಬೇರೆ ಮಾಡಲು ಬಳಸುವಂಥದ್ದು, ಮಾತಿಗೂ ನಡೆಯುತ್ತದೆ. ನಾದಸ್ವರ ಅಲ್ಲಲ್ಲಿ ಉಳಿದೀತು. ಅಂಥ ಕಡೆ ಅಪ್ಪನ ಮಾತನ್ನು ಕೆಳಗೆ ಅಕ್ಷರದಲ್ಲಿ ಹಾಕಿ.