ಸೊನ್ನೆ ಅಂದರೆ ಖುಷಿಪಡಬೇಕಾ?

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ವಾರ್ಡ್ ಇನ್‌ಚಾರ್ಜ್ ನರ್ಸ್. ಔಷಧಿ ಕೊಡುವಾಗ ಆದ ತಪ್ಪುಗಳು 'ಸೊನ್ನೆ' ಅಂತ ಮೂರು ತಿಂಗಳಿಂದ ವರದಿ ಹೋಗುತ್ತಿದೆ. ಮ್ಯಾನೇಜ್‌ಮೆಂಟಿಗೆ ಭಾರೀ ಖುಷಿ. ನನಗೆ ನಂಬಿಕೆ ಬರುತ್ತಿಲ್ಲ. ಇದನ್ನು ಸರಿಯಾಗಿ ಅಳೆಯುವುದು ಹೇಗೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಂಬಬೇಡಿ ಸಿಸ್ಟರ್. ದಿನಕ್ಕೆ ನೂರಾರು ಡೋಸ್ ಕೊಡುವ ಜಾಗದಲ್ಲಿ ಮೂರು ತಿಂಗಳು ಸೊನ್ನೆ ಅಂದರೆ, ಯಾರೂ ಬರೆದುಕೊಟ್ಟಿಲ್ಲ ಅಂತಲೇ ಲೆಕ್ಕ. ಬರೆದರೆ ಮೆಮೊ ಬರುತ್ತೆ ಅಂತ ಗೊತ್ತಿದ್ದರೆ ಯಾರು ತಾನೇ ಬರೆಯುತ್ತಾರೆ?

2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದಿದೆ. 36 ಆಸ್ಪತ್ರೆ ಮತ್ತು ಆರೈಕೆ ಕೇಂದ್ರಗಳಲ್ಲಿ 2,556 ಡೋಸ್ ಪರಿಶೀಲಿಸಿದರು. ಖಚಿತವಾದ ತಪ್ಪುಗಳು 457. ಪಕ್ಕದಲ್ಲೇ ನಿಂತು ನೋಡಿದವರಿಗೆ ಅದರಲ್ಲಿ 300 ಸಿಕ್ಕವು, ಕೇಸ್‌ಶೀಟ್ ತಿರುವಿದವರಿಗೆ 17. ಸಿಬ್ಬಂದಿ ತಾವಾಗಿ ಬರೆದ ವರದಿಯಲ್ಲಿ ಇದ್ದದ್ದು ಒಂದೇ ಒಂದು!

ಕೇಸ್‌ಶೀಟ್ ಯಾಕೆ ಸಾಲದು ಅಂತ ಇನ್ಸುಲಿನ್ ನೋಡಿದರೆ ಗೊತ್ತಾಗುತ್ತೆ. ನಮ್ಮಲ್ಲಿ ಮಿಲಿಗೆ 40 ಯೂನಿಟ್‌ನ ಬಾಟ್ಲಿಯೂ ಇದೆ, 100 ಯೂನಿಟ್‌ನದ್ದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ನೈಟ್ ಡ್ಯೂಟಿಯ ಗಡಿಬಿಡಿಯಲ್ಲಿ ಈ ಎರಡು ಬಣ್ಣ ಯಾರಿಗೆ ಬೇರೆ ಕಾಣಬೇಕು? 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ನೇ ಗೆರೆವರೆಗೆ ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್. ಚಾರ್ಟಿನಲ್ಲಿ ಮಾತ್ರ '10 ಯೂನಿಟ್ ಕೊಟ್ಟಿದೆ' ಅಂತ ನೀಟಾಗಿ ಸಹಿ ಇರುತ್ತೆ.

ಆಮೇಲೆ ರೋಗಿ ಬೆವತು ಶುಗರ್ ಇಳಿದಾಗ ಓಡಿ ಹೋಗಿ 25% ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಹಾಕುತ್ತೀರಲ್ಲ, ಸುಳಿವು ಅಲ್ಲಿದೆ. ತಿಂಗಳಿಗೊಮ್ಮೆ ಫಾರ್ಮಸಿಯಿಂದ ಡೆಕ್ಸ್‌ಟ್ರೋಸ್, ನಲಾಕ್ಸೋನ್ (ಮಾರ್ಫಿನ್‌ನಂಥ ನೋವಿನ ಔಷಧಿ ಹೆಚ್ಚಾದಾಗ ಕೊಡುವುದು), ವಿಟಮಿನ್ ಕೆ (ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಹೆಚ್ಚಾದಾಗ ಕೊಡುವುದು) ಇಂಜೆಕ್ಷನ್ ಯಾವ ಯಾವ ರೋಗಿಗೆ ಹೋಗಿದೆ ಅಂತ ಪಟ್ಟಿ ತರಿಸಿ, ಅವರ ಕೇಸ್‌ಶೀಟ್ ಮಾತ್ರ ಹಿಂದಿನಿಂದ ಓದಿ. ಸಿಕ್ಕಿದ್ದೆಲ್ಲ ತಪ್ಪೇ ಅಂತಲ್ಲ, ವಿಟಮಿನ್ ಕೆ ಲಿವರ್ ರೋಗಿಗೂ ಕೊಡುತ್ತಾರೆ. ಆದರೂ ಸುಮ್ನೆ ನೂರು ಫೈಲು ತಿರುವುವುದಕ್ಕಿಂತ ಇದು ಬೇಗ ಆಗುತ್ತೆ.

ಜೊತೆಗೆ ವಾರಕ್ಕೊಂದು ಡ್ರಗ್ ರೌಂಡಿನಲ್ಲಿ (ವಾರ್ಡಿನಲ್ಲಿ ಔಷಧಿ ಕೊಡುತ್ತಾ ಹೋಗುವ ಸುತ್ತಿನಲ್ಲಿ) ಬೇರೆ ವಾರ್ಡಿನವರೊಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಹೆಸರು ಬರೆದುಕೊಳ್ಳುವುದು ಬೇಡ. ರೋಗಿಗೆ ತಲುಪುವ ಮೊದಲೇ ಹಿಡಿದ ತಪ್ಪನ್ನೂ ಎಣಿಸಿ. 'ಎಂಟು ತಪ್ಪು' ಅಂತಷ್ಟೇ ಬರೆದರೆ ಪ್ರಯೋಜನವಿಲ್ಲ, ಎಷ್ಟು ಡೋಸಿಗೆ ಎಂಟು ಅನ್ನುವುದು ಬೇಕು. ಒಂದು ಮಾತು ಮ್ಯಾನೇಜ್‌ಮೆಂಟಿಗೆ ಮೊದಲೇ ಹೇಳಿಟ್ಟಿರಿ: ಸಿಬ್ಬಂದಿ ಬರೆಯಲು ಶುರು ಮಾಡಿದ ಮೇಲೆ ವರದಿಯ ಸಂಖ್ಯೆ ಏರುತ್ತೆ. ಆಗ ಯಾರಿಗಾದರೂ ಶಿಕ್ಷೆ ಕೊಟ್ಟರೆ ಮುಂದಿನ ತಿಂಗಳು ಮತ್ತೆ ಸೊನ್ನೆಯೇ.

ಪ್ರಶ್ನೆ: ಡಿಸ್ಚಾರ್ಜ್ ಆಗಿ ಬಂದ ಮೇಲೆ ಹೊಸ ಮಾತ್ರೆಯಿಂದ ಅಮ್ಮನಿಗೆ ಮೈಯೆಲ್ಲ ಗಂಧೆ ಎದ್ದಿತು. ಡಾಕ್ಟರು ಮಾತ್ರೆ ಬದಲಿಸಿದರು. ಇದು ಎಲ್ಲಾದರೂ ದಾಖಲಾಗುತ್ತಾ?
– ಓದುಗರು, ಶಿರಸಿ

ಉತ್ತರ: ಯಾರಾದರೂ ತಿಳಿಸಿದರೆ ಆಗುತ್ತೆ. ನೀವೇ ತಿಳಿಸಬಹುದು. 2010ರಿಂದ ಭಾರತದ ಫಾರ್ಮಕೋವಿಜಿಲೆನ್ಸ್ (ಔಷಧಿಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ) ಕಾರ್ಯಕ್ರಮ ನಡೆಯುತ್ತಿದೆ, ಕೇಂದ್ರ ಇರುವುದು ಗಾಜಿಯಾಬಾದಿನಲ್ಲಿ. 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ. ಜನಸಾಮಾನ್ಯರಿಗೆ ಅಂತಲೇ ಕನ್ನಡದ ಫಾರಂ ಕೂಡ ಇದೆ. ಉಳಿದ ಮಾತ್ರೆಯ ಸ್ಟ್ರಿಪ್ ಎಸೆಯಬೇಡಿ, ಅದರ ಮೇಲಿನ ಬ್ಯಾಚ್ ನಂಬರ್ ಕೇಳಬಹುದು.