‘ಉಷ್ಣ’ ಅಂತ ಬಂದವರ ಜೇಬಲ್ಲಿ ಸಿಗರೇಟು

ಉರಿಮೂತ್ರ ಅಂತ ಡಾಕ್ಟರ ಹತ್ತಿರ ಹೋಗಿ, ಅಲ್ಲಿಂದ ತಂಬಾಕು ಬಿಡಿಸಲು ನನ್ನ ಹತ್ತಿರ ಬರುವ ಗಂಡಸರದ್ದೆಲ್ಲ ಮೊದಲ ಮಾತು ಒಂದೇ: “ಉಷ್ಣ ಆಗಿದೆ ಮೇಡಂ.” ಎಳನೀರು, ಬಾರ್ಲಿ, ಜೀರಿಗೆ ನೀರು ಎಲ್ಲ ಮುಗಿಸಿರುತ್ತಾರೆ. ಸಿಗರೇಟಿನ ಸುದ್ದಿ ಮಾತ್ರ ಇಲ್ಲ.

ಅಂಥವರಲ್ಲಿ ಒಬ್ಬರು ಮೂಡಿಗೆರೆ ಕಡೆಯ ಕಾಫಿ ತೋಟದ ರೈಟರ್, ಅಂದರೆ ಆಳು-ಲೆಕ್ಕ ನೋಡಿಕೊಳ್ಳುವವರು. ನಲವತ್ತು ದಾಟಿದೆ. ಗುರುತು ಸಿಗಬಾರದೆಂದು ಉಳಿದ ವಿವರ ಬದಲಿಸಿದ್ದೇನೆ. ಗಳಿಗೆಗೊಮ್ಮೆ ಮೂತ್ರದ ಅವಸರ, ಉರಿ, ಕಿಬ್ಬೊಟ್ಟೆ ನೋವು. ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ, ಶುಗರ್ ಕೂಡ ಇಲ್ಲ. ಕೊಯ್ಲಿನ ಹೊತ್ತಲ್ಲಿ ಹೆಣ್ಣಾಳುಗಳ ಎದುರು ಮತ್ತೆ ಮತ್ತೆ ಗಿಡದ ಮರೆಗೆ ಹೋಗಲು ನಾಚಿಕೆ. ಅದಕ್ಕೇ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಕಾಫಿ ಮಾತ್ರ ಕಡಿಮೆ ಆಗಿರಲಿಲ್ಲ, ಪ್ರತಿ ಲೋಟದ ಜೊತೆ ಒಂದು ಸಿಗರೇಟು.

ಎರಡನೇ ಸಲ ಬಂದಾಗ ಸ್ವಲ್ಪ ಸಿಟ್ಟಲ್ಲೇ ಕೇಳಿದರು: “ಹೊಗೆ ಹೋಗೋದು ಎದೆಗೆ. ಕೆಳಗಿನ ಉರಿಗೂ ಅದಕ್ಕೂ ಎಂತ ಸಂಬಂಧ?”

ನ್ಯಾಯವಾದ ಪ್ರಶ್ನೆ, ಅಲ್ವಾ? ಹೊಗೆಯ ರಾಸಾಯನಿಕಗಳು ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೆ ಇಳಿಯುತ್ತವೆ. ಕಿಡ್ನಿ ಅವನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಆ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ಕೂತು ಒಳಪದರವನ್ನು ಕೆರಳಿಸುತ್ತದೆ. ನೀರು ಕಡಿಮೆ ಕುಡಿದರೆ ಮೂತ್ರ ಇನ್ನೂ ಗಟ್ಟಿ. ಕಾಫಿಯೂ ಕೆರಳಿಸುವಂಥದ್ದೇ. ಹಾಗಂತ ಉರಿಮೂತ್ರಕ್ಕೆಲ್ಲ ಸಿಗರೇಟೇ ಕಾರಣ ಅಲ್ಲ. ಸೋಂಕು, ಕಲ್ಲು, ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಎಲ್ಲ ನೋಡಲೇಬೇಕು.

ಅವರು ಸುಮ್ಮನೆ ಕೇಳಿದರು. ಕೈಯಲ್ಲಿದ್ದ ಬೆಂಕಿಪೊಟ್ಟಣವನ್ನು ತಿರುಗಿಸುತ್ತಾ, ಬಾಗಿಲ ಕಡೆ ಒಮ್ಮೆ ನೋಡಿ ಅಂದರು: “ಹೋದ ಮಳೆಗಾಲ ಒಂದ್ಸಲ ಕೆಂಪಗೆ ಹೋಗಿತ್ತು. ನೋವೇನೂ ಇರಲಿಲ್ಲ. ಡಾಕ್ಟರಿಗೆ ಹೇಳಿಲ್ಲ. ಮನೇಲೂ ಹೇಳಿಲ್ಲ. ಕೆಟ್ಟ ಕಾಯಿಲೆ ಅಂದ್ಕೊಂಡ್ರೆ?”

ಸಿಗರೇಟಿನ ಮಾತು ಅಲ್ಲಿಗೇ ನಿಲ್ಲಿಸಿದೆ. ನೋವಿಲ್ಲದೆ ಒಂದೇ ಸಲ ರಕ್ತ ಹೋಗಿದ್ದರೂ ತೋರಿಸಲೇಬೇಕು, ಅದು ಮೂತ್ರಕೋಶದ ಕ್ಯಾನ್ಸರಿನ ಮೊದಲ ಲಕ್ಷಣ ಆಗಿರಬಹುದು ಅಂತ ನೇರವಾಗಿ ಹೇಳಿದೆ. ಸೇದುವವರಿಗೆ ಆ ಅಪಾಯ ಸೇದದವರಿಗಿಂತ ಸುಮಾರು 3 ಪಟ್ಟು. ಅವತ್ತೇ ಡಾಕ್ಟರಿಗೆ ತಿಳಿಸಲು ಒಪ್ಪಿಸಿದೆ. ಹೆದರಿಸಿದರೆ ಇನ್ನೂ ಜಾಸ್ತಿ ಸೇದುತ್ತಾರೆ ಅನ್ನುವ ಸಹೋದ್ಯೋಗಿಗಳಿದ್ದಾರೆ. ಇರಬಹುದು. ಆದರೆ ಮುಚ್ಚಿಟ್ಟುಕೊಂಡ ಮನುಷ್ಯ ಆಗಲೇ ಹೆದರಿರುತ್ತಾನೆ. ಅವನಿಗೆ ಬೇಕಾದದ್ದು ಸರಿಯಾದ ಮಾಹಿತಿ, ಹೋಗಬೇಕಾದ ಜಾಗ. ಸಲಹೆಗಾರರು ಕ್ಯಾನ್ಸರ್ ಅನ್ನೋ ಮಾತನ್ನೇ ಆಡಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಯೂರಾಲಜಿ (ಮೂತ್ರರೋಗದ) ಡಾಕ್ಟರು ಮೂತ್ರಕೋಶದೊಳಗೆ ಕ್ಯಾಮೆರಾ ಹಾಕಿ ನೋಡಿದರು. ಗಡ್ಡೆ ಇರಲಿಲ್ಲ. ಒಳಪದರ ಕೆಂಪಾಗಿ ಊದಿಕೊಂಡಿತ್ತು.

ಆಮೇಲೆ ನಾನು ಕೊಟ್ಟ ಸಲಹೆ ಸರಳ. ಹೆಂಡತಿಗೆ ವಿಷಯ ಹೇಳಿ, ಮನೆಯಲ್ಲಿ ಜೊತೆಗಿರುವವರು ಅವರೇ. ಬಿಡಿ ಸಿಗರೇಟು ಕೊಳ್ಳುವ ಗೂಡಂಗಡಿ ದಾರಿ ಬದಲಿಸಿ. ಒಂದು ದಿನ ಗೊತ್ತು ಮಾಡಿ ಪೂರ್ತಿ ಬಿಡಿ, ಮೊದಲ ಕೆಲವು ದಿನ ಹೆಚ್ಚು ಕಷ್ಟ. ಚಪಲ ಎದ್ದರೆ ಕೆಲವೇ ನಿಮಿಷ, ನೀರು ಕುಡಿದು ಎದ್ದು ಓಡಾಡಿ. ತಡೆಯಲಾಗದಿದ್ದರೆ ಡಾಕ್ಟರನ್ನು ಕೇಳಿ ನಿಕೋಟಿನ್ ಚೂಯಿಂಗ್ ಗಮ್ ತಗೊಳ್ಳಿ, ಇಲ್ಲವೇ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ.

ಈಗ ಉರಿ ಕಡಿಮೆಯಾಗಿದೆ. ಬೆಳಗಿನ ಕಾಫಿ ಜೊತೆಗಿನ ಆ ಒಂದು ಸಿಗರೇಟು ಇನ್ನೂ ಬಿಟ್ಟಿಲ್ಲ. ಮುಂದಿನ ತಿಂಗಳು ಹೆಂಡತಿಯನ್ನೂ ಕರೆದುಕೊಂಡು ಬರ್ತೀನಿ ಅಂದಿದ್ದಾರೆ.